ಮಾಸು ಮುಂಚೆಯೇ ಹೇಳುತ್ತದೆಯೇ? ಬಸುರಿನ ತೊಂದರೆ ಊಹಿಸುವ ಪರೀಕ್ಷೆಗಳ ಒಳಗೂ ಹೊರಗೂ

ಬಸುರಿಯ ಸ್ವಲ್ಪ ರಕ್ತ ತೆಗೆದು ನೋಡಿದರೆ ಸಾಕು. ಮುಂದೆ ಬಿಪಿ ಏರುತ್ತದೆಯೇ, ದಿನ ತುಂಬುವ ಮೊದಲೇ ಹೆರಿಗೆ ಆಗುತ್ತದೆಯೇ ಎಂದು ತಿಂಗಳುಗಳ ಮುಂಚೆ ಹೇಳಿಬಿಡಬಹುದು. ಇಂಥ ಸುದ್ದಿ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿದೆ. ಒಮ್ಮೆ ರಕ್ತದಲ್ಲಿರುವ ಪ್ರೋಟೀನಿನ ಮಾತು, ಇನ್ನೊಮ್ಮೆ ವಂಶವಾಹಿಗಳ ಆದೇಶ ಹೊತ್ತೊಯ್ಯುವ ಆರ್‌ಎನ್‌ಎ ಮಾತು, ಮತ್ತೊಮ್ಮೆ ಕಂಪ್ಯೂಟರೇ ಓದುವ ಸ್ಕ್ಯಾನ್ ಮಾತು. ಎಲ್ಲದರ ಹಿಂದೆ ಇರುವ ಅಂಗ ಮಾತ್ರ ಒಂದೇ. ಅದು ಮಾಸು. ಪುಸ್ತಕಗಳಲ್ಲಿ ಜರಾಯು, ಸ್ಕ್ಯಾನ್ ವರದಿಯಲ್ಲಿ ಪ್ಲಸೆಂಟಾ.

ಸುದ್ದಿ ಓದಿದವರಲ್ಲಿ ಎರಡು ಥರದ ಗೊಂದಲ ಕಾಣುತ್ತದೆ. ಅಷ್ಟು ಒಳ್ಳೆಯ ಪರೀಕ್ಷೆ ಇದ್ದರೆ ನಮ್ಮ ಡಾಕ್ಟರು ಯಾಕೆ ಬರೆದುಕೊಡಲಿಲ್ಲ ಎಂದು ಕೆಲವರು ಕೇಳುತ್ತಾರೆ. ಪರೀಕ್ಷೆ ಮಾಡಿಸಿಕೊಂಡ ಇನ್ನು ಕೆಲವರು ‘ಹೆಚ್ಚು ಅಪಾಯ’ ಎಂದು ಬರೆದ ವರದಿ ಹಿಡಿದು ನಿದ್ದೆಗೆಡುತ್ತಾರೆ. ಎರಡಕ್ಕೂ ಕಾರಣ ಒಂದೇ. ಮುಂದೆ ಬರಬಹುದು ಎಂದು ಊಹಿಸುವುದು ಬೇರೆ, ಈಗ ಬಂದಿದೆ ಎಂದು ಪತ್ತೆ ಮಾಡುವುದು ಬೇರೆ, ಬಾರದಂತೆ ತಡೆಯುವುದು ಇನ್ನೂ ಬೇರೆ. ಸುದ್ದಿಯಲ್ಲಿ ಈ ಮೂರೂ ಒಂದೇ ಮಾತಾಗಿ ಕಲಸಿಹೋಗುತ್ತವೆ. ಅವನ್ನು ಬಿಡಿಸಿ ನೋಡಬೇಕಾದರೆ ಮೊದಲು ಮಾಸು ಮಾಡುವ ಕೆಲಸ ಗೊತ್ತಿರಬೇಕು.

ಮಾಸು ಯಾರದ್ದು?

ಮಾಸು ತಾಯಿಯ ಅಂಗ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಬೆಳೆಯುವುದು ಭ್ರೂಣದಿಂದ. ಅಂಡ ಫಲಿತವಾದ ಐದನೇ ದಿನದ ಹೊತ್ತಿಗೆ ಆ ಪುಟ್ಟ ಉಂಡೆಯಲ್ಲಿ ಒಳಗಿನ ಜೀವಕೋಶಗಳು ಬೇರೆ, ಹೊರಸುತ್ತಿನವು ಬೇರೆ ಎಂದು ವಿಂಗಡಣೆಯಾಗಿರುತ್ತದೆ. ಒಳಗಿನವು ಮಗುವಾಗುತ್ತವೆ. ಹೊರಸುತ್ತಿನಿಂದ ಮಾಸು ಬೆಳೆಯುತ್ತದೆ. ಹಾಗಾಗಿ ಮಾಸಿನಲ್ಲಿ ತಂದೆಯ ವಂಶವಾಹಿಗಳೂ ಇರುತ್ತವೆ. ತಾಯಿಯ ದೇಹದ ಮಟ್ಟಿಗೆ ಅದು ಅರ್ಧ ಪರಕೀಯ. ಆದರೂ ಆ ದೇಹ ಅದನ್ನು ಹೊರಹಾಕದೆ ಒಂಬತ್ತು ತಿಂಗಳು ಜಾಗ ಕೊಡುತ್ತದೆ.

ದಿನ ತುಂಬಿದಾಗ ಮಾಸು ಸುಮಾರು 500 ಗ್ರಾಂ ತೂಗುತ್ತದೆ. ಅಗಲ 20 ಸೆಂಟಿಮೀಟರ್ ಆಸುಪಾಸು. ಒಳಗೆ ಬೇರಿನ ಹಾಗೆ ಕವಲೊಡೆದ ಎಳೆಗಳು ಕಿಕ್ಕಿರಿದಿರುತ್ತವೆ. ಅವನ್ನೆಲ್ಲ ಬಿಡಿಸಿ ಹರವಿದರೆ ಹತ್ತು ಚದರ ಮೀಟರಿಗೂ ಜಾಸ್ತಿ ಜಾಗ ಬೇಕು. ಈ ಎಳೆಗಳ ಒಳಗೆ ಮಗುವಿನ ರಕ್ತ, ಹೊರಗೆ ತಾಯಿಯ ರಕ್ತ. ಎರಡೂ ಬೆರೆಯುವುದಿಲ್ಲ. ನಡುವಿನ ತೆಳು ಪೊರೆಯ ಮೂಲಕ ಆಮ್ಲಜನಕ ಮತ್ತು ಆಹಾರ ಒಳಗೆ ಹೋಗುತ್ತವೆ, ಕೊಳೆ ಹೊರಗೆ ಬರುತ್ತದೆ. ಮಗುವಿಗೆ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲವೂ ಅದೇ. ಹಾರ್ಮೋನುಗಳನ್ನು ತಯಾರಿಸುವ ಕೆಲಸ ಬೇರೆ.

ತೊಂದರೆಯ ಬೀಜ ಬೀಳುವುದು ಯಾವಾಗ?

ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿದ ಸಣ್ಣ ರಕ್ತನಾಳಗಳಿವೆ. ಬಸುರಾಗುವ ಮುಂಚೆ ಅವು ಕಿರಿದು, ಸುತ್ತ ಗಟ್ಟಿ ಸ್ನಾಯು. ಅಷ್ಟರಲ್ಲಿ ಮಗು ಸಾಕಲು ಆಗುವುದಿಲ್ಲ. ಅದಕ್ಕೆ ಮಾಸಿನ ಜೀವಕೋಶಗಳು ಗೋಡೆಯೊಳಗೆ ನುಗ್ಗಿ ಈ ನಾಳಗಳನ್ನು ಹಿಡಿಯುತ್ತವೆ. ಸ್ನಾಯುವನ್ನು ಕರಗಿಸಿ, ನಾಳದ ಬಾಯನ್ನು ಹಲವು ಪಟ್ಟು ಅಗಲ ಮಾಡುತ್ತವೆ.

ಮೊದಲ ಹತ್ತು ವಾರಗಳಲ್ಲಿ ತಾಯಿಯ ರಕ್ತ ಮಾಸಿನೊಳಗೆ ಪೂರ್ತಿಯಾಗಿ ಹರಿಯುವುದೇ ಇಲ್ಲ. ನಾಳಗಳ ಬಾಯಿಗೆ ಮಾಸಿನ ಜೀವಕೋಶಗಳೇ ಬೆಣೆ ಬಡಿದಂತೆ ಕೂತಿರುತ್ತವೆ. 10ರಿಂದ 12ನೇ ವಾರದ ಹೊತ್ತಿಗೆ ಬೆಣೆ ಸಡಿಲಾಗುತ್ತದೆ, ರಕ್ತ ಬರಲು ಶುರುವಾಗುತ್ತದೆ. ನಾಳ ಅಗಲ ಮಾಡುವ ಕೆಲಸ 20ನೇ ವಾರದ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ.

ಈ ಕೆಲಸ ಅರ್ಧಕ್ಕೆ ನಿಂತರೆ ಏನಾಗುತ್ತದೆ? ಗದ್ದೆಗೆ ನೀರು ಬಿಡುವುದನ್ನು ನೆನೆಸಿಕೊಳ್ಳಿ. ಅಗಲ ಕಾಲುವೆಯಲ್ಲಿ ನೀರು ನಿಧಾನಕ್ಕೆ ಬಂದರೆ ಸಸಿಯ ಬೇರಿಗೆ ಇಳಿಯುತ್ತದೆ. ಅದೇ ನೀರು ಸಣ್ಣ ಪೈಪಿನಿಂದ ರಭಸವಾಗಿ ಚಿಮ್ಮಿದರೆ ಬುಡದ ಮಣ್ಣೇ ಕೊಚ್ಚಿಹೋಗುತ್ತದೆ. ಕಿರಿದಾಗಿಯೇ ಉಳಿದ ನಾಳದಿಂದ ರಕ್ತವೂ ಹೀಗೆಯೇ ಚಿಮ್ಮುತ್ತದೆ. ಮಾಸಿನ ನವಿರು ಎಳೆಗಳಿಗೆ ಪೆಟ್ಟಾಗುತ್ತದೆ. ಹರಿವು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಮಾಸಿನ ತುಂಡುಗಳು ಸಾಯುತ್ತವೆ.

ಗಮನಿಸಿ, ಇದೆಲ್ಲ ನಡೆಯುವಾಗ ತಾಯಿಗೆ ಏನೂ ಗೊತ್ತಾಗುವುದಿಲ್ಲ. ಬಿಪಿ ಸರಿ ಇರುತ್ತದೆ, ಹೊಟ್ಟೆ ಇನ್ನೂ ಕಾಣುತ್ತಿರುವುದಿಲ್ಲ. ತೊಂದರೆ ತಲೆಯೆತ್ತುವುದು ಮೂರು ನಾಲ್ಕು ತಿಂಗಳ ನಂತರ. ಈ ನಡುವಿನ ಅವಧಿ ಇದೆಯಲ್ಲ, ಅದೇ ವಿಜ್ಞಾನಿಗಳ ಆಸೆಯ ಮೂಲ. ಒಳಗೆ ಕೆಲಸ ಕೆಟ್ಟಿದ್ದರೆ ಹೊರಗೆ ಕಾಣುವ ಮುಂಚೆಯೇ ಅದರ ಸುಳಿವು ಎಲ್ಲೋ ಸಿಗಬೇಕಲ್ಲವೇ?

ಒಂದೇ ಬುಡ, ಹಲವು ಕವಲು

ರಕ್ತ ಸರಿಯಾಗಿ ಸಿಗದ ಮಾಸು ಒತ್ತಡಕ್ಕೆ ಬೀಳುತ್ತದೆ. ಆ ಒತ್ತಡದಲ್ಲಿ ಅದು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಲಿವರ್ ಮತ್ತು ಮಿದುಳಿಗೂ ಪೆಟ್ಟು ಬೀಳಬಹುದು. ಇದೇ ಪ್ರಿಎಕ್ಲಾಂಪ್ಸಿಯಾ. 20 ವಾರದ ನಂತರ ಬಿಪಿ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಯಾವುದಾದರೂ ಅಂಗಕ್ಕೆ ತೊಂದರೆ ಕಂಡರೆ ಆ ಹೆಸರು ಕೊಡುತ್ತಾರೆ. ನೂರರಲ್ಲಿ 2ರಿಂದ 8 ಬಸುರಿಯರಿಗೆ ಇದು ಬರುತ್ತದೆ. ಮುಂದುವರಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು.

ಅದೇ ಮಾಸು ಮಗುವಿಗೆ ಬೇಕಾದಷ್ಟು ಕೊಡಲಾಗದಿದ್ದರೆ ಮಗು ಬೆಳೆಯುವುದಿಲ್ಲ. ಮಾಸು ಗೋಡೆಯಿಂದ ಮುಂಚೆಯೇ ಕಳಚಿಕೊಂಡರೆ ಒಳಗೇ ರಕ್ತಸ್ರಾವ. ಕೆಲವೊಮ್ಮೆ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ನಾಲ್ಕು ಬೇರೆ ಬೇರೆ ಕಾಯಿಲೆ. ಬುಡ ಹುಡುಕಿದರೆ ಬಹಳ ಸಲ ಅದೇ ಅಗಲವಾಗದ ನಾಳ.

ಪ್ರಿಎಕ್ಲಾಂಪ್ಸಿಯಾಕ್ಕೆ ಇವತ್ತಿಗೂ ಖಚಿತ ಚಿಕಿತ್ಸೆ ಎಂದರೆ ಹೆರಿಗೆ, ಅಂದರೆ ಮಾಸು ಹೊರಗೆ ಬರುವುದು. 38ನೇ ವಾರದಲ್ಲಾದರೆ ಆ ನಿರ್ಧಾರ ಸುಲಭ. 28ನೇ ವಾರದಲ್ಲಾದರೆ ತಾಯಿಯನ್ನು ಉಳಿಸಲು ಮಗುವನ್ನು ದಿನ ತುಂಬದೆ ಹೊರತೆಗೆಯಬೇಕು. ದಿನ ತುಂಬದ ಹೆರಿಗೆಗಳಲ್ಲಿ ಒಂದು ದೊಡ್ಡ ಪಾಲು ಹೀಗೆ ಡಾಕ್ಟರರೇ ಅನಿವಾರ್ಯವಾಗಿ ಮಾಡಿಸುವಂಥದ್ದು. ಮಾಸಿನ ಆರೋಗ್ಯವೂ ದಿನ ತುಂಬದ ಹೆರಿಗೆಯೂ ನೇರವಾಗಿ ಮುಖಾಮುಖಿಯಾಗುವುದು ಇಲ್ಲೇ.

ರಕ್ತದಲ್ಲಿ ಸಿಕ್ಕ ಸುಳಿವು

2003ರಲ್ಲಿ ಬಾಸ್ಟನ್‌ನಲ್ಲಿ ಅನಂತ್ ಕರುಮಾಂಚಿ ಮತ್ತು ಜೊತೆಗಾರರು ಒಂದು ಮಹತ್ವದ ಸಂಗತಿ ಪ್ರಕಟಿಸಿದರು. ಪ್ರಿಎಕ್ಲಾಂಪ್ಸಿಯಾ ಇದ್ದವರ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಅತಿಯಾಗಿ ಹೊರಬಿಡುತ್ತದೆ. ಅದನ್ನು ಗಬ್ಬದ ಇಲಿಗಳಿಗೆ ಕೊಟ್ಟಾಗ ಅವುಗಳಿಗೂ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಈ ಪ್ರೋಟೀನಿಗೆ ಎದುರಾಳಿ ಪಿಎಲ್‌ಜಿಎಫ್. ಅದು ರಕ್ತನಾಳಗಳನ್ನು ಬೆಳೆಸಿ ಕಾಯುವ ಪ್ರೋಟೀನ್. ಎಸ್‌ಫ್ಲಿಟ್-1 ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಕಾಯಿಲೆ ಕಾಣಿಸಿಕೊಳ್ಳುವ ವಾರಗಳ ಮುಂಚೆಯೇ ಎಸ್‌ಫ್ಲಿಟ್-1 ಏರಿ ಪಿಎಲ್‌ಜಿಎಫ್ ಇಳಿದಿರುತ್ತದೆ ಎಂದು ತೋರಿಸಿತು.

ಇವತ್ತು ಬಳಕೆಯಲ್ಲಿರುವ ಬಹುಪಾಲು ಮಾಸಿನ ಪರೀಕ್ಷೆಗಳು ಈ ಜೋಡಿಯ ಮೇಲೆ ನಿಂತಿವೆ. ಆದರೆ ಬಳಸುವ ಹೊತ್ತು ಎರಡು. ಒಂದು, 11ರಿಂದ 14ನೇ ವಾರದಲ್ಲಿ, ಏನೂ ತೊಂದರೆ ಇಲ್ಲದಾಗ, ಮುಂದಿನ ಅಪಾಯ ಅಳೆಯಲು. ಇನ್ನೊಂದು, 20 ವಾರ ದಾಟಿದ ಮೇಲೆ, ಬಿಪಿ ಏರಿಯೋ ತಲೆನೋವು ಬಂದೋ ಅನುಮಾನ ಹುಟ್ಟಿದಾಗ. ಸುದ್ದಿಯಲ್ಲಿ ಎರಡಕ್ಕೂ ‘ಮುಂಚಿತ ಪತ್ತೆ’ ಎಂದೇ ಬರೆಯುತ್ತಾರೆ. ಆದರೆ ಇವೆರಡೂ ಕೇಳುವ ಪ್ರಶ್ನೆಯೇ ಬೇರೆ.

1,000 ಬಸುರಿಯರ ಲೆಕ್ಕ

ಮೊದಲನೆಯದನ್ನು ನೋಡೋಣ. ಲಂಡನ್‌ನ ಕೈಪ್ರೋಸ್ ನಿಕೊಲೈಡಿಸ್ ಅವರ ತಂಡ ಬೆಳೆಸಿದ ವಿಧಾನ ಇದು. ತಾಯಿಯ ವಯಸ್ಸು, ತೂಕ, ಹಿಂದಿನ ಹೆರಿಗೆಗಳ ವಿವರ ಬರೆದುಕೊಳ್ಳುತ್ತಾರೆ. ಎರಡೂ ತೋಳಿನಲ್ಲಿ ಬಿಪಿ ನೋಡುತ್ತಾರೆ. ಗರ್ಭಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಹರಿವಿಗೆ ಎಷ್ಟು ತಡೆ ಇದೆ ಎಂದು ಡಾಪ್ಲರ್ ಸ್ಕ್ಯಾನಿನಲ್ಲಿ ಅಳೆಯುತ್ತಾರೆ. ರಕ್ತದಲ್ಲಿ ಪಿಎಲ್‌ಜಿಎಫ್ ಎಷ್ಟಿದೆ ನೋಡುತ್ತಾರೆ. ನಾಲ್ಕನ್ನೂ ಒಟ್ಟುಗೂಡಿಸಿ ಒಂದು ಅಂದಾಜು ಕೊಡುತ್ತಾರೆ. 37 ವಾರದೊಳಗೆ ಹೆರಿಗೆ ಮಾಡಿಸಬೇಕಾಗಿ ಬರುವಂಥ ಪ್ರಿಎಕ್ಲಾಂಪ್ಸಿಯಾದ ನೂರರಲ್ಲಿ ಸುಮಾರು 75 ಪ್ರಕರಣಗಳನ್ನು ಈ ವಿಧಾನ ಹಿಡಿಯುತ್ತದೆ. ಅದಕ್ಕೆ ತೆರುವ ಬೆಲೆ ಎಂದರೆ ನೂರರಲ್ಲಿ ಹತ್ತು ಮಂದಿಗೆ ಸುಮ್ನೆ ಎಚ್ಚರಿಕೆ ಕೊಡುವುದು.

75 ಎಂದ ಕೂಡಲೇ ಬಹಳ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ? ಈಗ ತಲೆ ಎಣಿಸಿ ನೋಡಿ. 1,000 ಬಸುರಿಯರಿದ್ದಾರೆ, ಅವರಲ್ಲಿ 8 ಮಂದಿಗೆ ಈ ಬೇಗ ಬರುವ ಪ್ರಿಎಕ್ಲಾಂಪ್ಸಿಯಾ ಬರಲಿದೆ ಎಂದುಕೊಳ್ಳೋಣ. ಪರೀಕ್ಷೆ ಆ 8ರಲ್ಲಿ 6 ಮಂದಿಯನ್ನು ಹಿಡಿಯುತ್ತದೆ, 2 ಮಂದಿಯನ್ನು ಬಿಟ್ಟುಬಿಡುತ್ತದೆ. ಉಳಿದ 992 ಮಂದಿಗೆ ಕಾಯಿಲೆ ಬರುವುದಿಲ್ಲ. ಆದರೂ ಅವರಲ್ಲಿ ಹತ್ತರಲ್ಲಿ ಒಬ್ಬರಿಗೆ, ಅಂದರೆ ಸುಮಾರು 99 ಮಂದಿಗೆ, ‘ಹೆಚ್ಚು ಅಪಾಯ’ ಎಂಬ ವರದಿ ಬರುತ್ತದೆ. ಒಟ್ಟು 105 ವರದಿ. ಅದರಲ್ಲಿ ನಿಜವಾಗಿ ಕಾಯಿಲೆ ಬರುವುದು 6 ಮಂದಿಗೆ.

ಅಂದರೆ ಅಂಥ ವರದಿ ಕೈಗೆ ಬಂದ ಹದಿನೇಳು ಹದಿನೆಂಟು ಜನರಲ್ಲಿ ಒಬ್ಬರಿಗೆ ಮಾತ್ರ ಆ ತೊಂದರೆ ಬರುತ್ತದೆ. ಮಿಕ್ಕವರಿಗೆಲ್ಲ ಬರುವುದಿಲ್ಲ. ಇದನ್ನು ಯಾರೂ ಆಕೆಗೆ ಕೂರಿಸಿ ಹೇಳದಿದ್ದರೆ, ಆರು ತಿಂಗಳು ಆಕೆ ಭಯದಲ್ಲೇ ಕಳೆಯುತ್ತಾಳೆ. ಪರೀಕ್ಷೆ ಬರೆದುಕೊಡುವವರು ಈ ಲೆಕ್ಕವನ್ನೂ ಹೇಳಲೇಬೇಕು. ಅದು ಪರೀಕ್ಷೆಯದ್ದೇ ಒಂದು ಭಾಗ.

ಹಾಗಾದರೆ ಇದು ದಂಡವೇ? ಖಂಡಿತ ಅಲ್ಲ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ, ಹೀಗೆ ಹೆಚ್ಚು ಅಪಾಯ ಎಂದು ಆರಿಸಿದವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. 11ರಿಂದ 14ನೇ ವಾರದಲ್ಲಿ ಶುರು ಮಾಡಿ 36ನೇ ವಾರದವರೆಗೆ. ಆಸ್ಪಿರಿನ್ ತಗೊಂಡ 798 ಮಂದಿಯಲ್ಲಿ 13 ಮಂದಿಗೆ ಬೇಗ ಬರುವ ಪ್ರಿಎಕ್ಲಾಂಪ್ಸಿಯಾ ಬಂತು. ಹುಸಿ ಮಾತ್ರೆ ತಗೊಂಡ 822 ಮಂದಿಯಲ್ಲಿ 35 ಮಂದಿಗೆ ಬಂತು. ಅರ್ಧಕ್ಕಿಂತಲೂ ಜಾಸ್ತಿ ಇಳಿಕೆ. ನಮ್ಮ ಲೆಕ್ಕಕ್ಕೆ ತಂದರೆ, 105 ಮಂದಿ ಮಾತ್ರೆ ನುಂಗಿದ್ದರಿಂದ ಮೂರು ನಾಲ್ಕು ತಾಯಂದಿರು ಆ ಕಾಯಿಲೆಯಿಂದ ಪಾರಾಗುತ್ತಾರೆ. ಮಾತ್ರೆ ಅಗ್ಗ, ತಪ್ಪಿಸುವ ಅಪಾಯ ದೊಡ್ಡದು. ನನ್ನ ಮಟ್ಟಿಗೆ ಇದು ಮಾಡಬೇಕಾದ ಕೆಲಸವೇ.

ಒಂದು ಮಿತಿಯನ್ನೂ ಹೇಳಬೇಕು. ದಿನ ತುಂಬುವ ಹೊತ್ತಿಗೆ ಬರುವ ಪ್ರಿಎಕ್ಲಾಂಪ್ಸಿಯಾ ಈ ಅಧ್ಯಯನದಲ್ಲಿ ಕಡಿಮೆಯಾಗಲಿಲ್ಲ. ಸಂಖ್ಯೆಯಲ್ಲಿ ಅದೇ ಜಾಸ್ತಿ.

ಎಲ್ಲರಿಗೂ ಆಸ್ಪಿರಿನ್ ಕೊಟ್ಟುಬಿಟ್ಟರೆ?

ಇಲ್ಲಿಂದ ಮುಂದೆ ತಜ್ಞರಲ್ಲೇ ಭಿನ್ನಾಭಿಪ್ರಾಯ. ಒಂದು ಗುಂಪು ಮೇಲಿನ ಪೂರ್ತಿ ಪರೀಕ್ಷೆ ಬೇಕು ಎನ್ನುತ್ತದೆ. ಎರಡನೆಯವರು ಪ್ರಶ್ನೆಗಳ ಪಟ್ಟಿ ಸಾಕು ಎನ್ನುತ್ತಾರೆ. ಹಿಂದಿನ ಬಸುರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಬಂದಿತ್ತೇ, ಸಕ್ಕರೆ ಕಾಯಿಲೆ ಇದೆಯೇ, ಮೊದಲಿಂದಲೂ ಬಿಪಿ ಇದೆಯೇ, ಕಿಡ್ನಿ ತೊಂದರೆ ಇದೆಯೇ, ಅವಳಿ ಮಕ್ಕಳೇ, ಮೊದಲ ಬಸುರೇ. ಇಷ್ಟು ಕೇಳಿ ಆಸ್ಪಿರಿನ್ ಬರೆದುಕೊಡಿ ಎಂಬ ವಾದ. ಹಲವು ದೇಶಗಳ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಖರ್ಚಿಲ್ಲ, ಯಂತ್ರ ಬೇಡ. ಆದರೆ ಹಿಡಿಯುವುದು ಕಡಿಮೆ. ಬ್ರಿಟನ್‌ನಲ್ಲಿ ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಬರುವ ಪ್ರಿಎಕ್ಲಾಂಪ್ಸಿಯಾದ ನೂರರಲ್ಲಿ ಸುಮಾರು 41ನ್ನು ಪಟ್ಟಿ ಹಿಡಿದರೆ, ಪೂರ್ತಿ ಪರೀಕ್ಷೆ ಸುಮಾರು 82ನ್ನು ಹಿಡಿಯಿತು.

ಮೂರನೆಯವರದು ನೇರ ಮಾತು. ಆರಿಸುವ ತಾಪತ್ರಯವೇ ಯಾಕೆ, ಎಲ್ಲ ಬಸುರಿಯರಿಗೂ ಕೊಡಿ. ಇದಕ್ಕೂ ಆಧಾರವಿದೆ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಮೊದಲ ಬಸುರಿನ ಸುಮಾರು 12,000 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ಪರೀಕ್ಷೆಯನ್ನೂ ಮಾಡದೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ದಿನ ತುಂಬದ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಶೇಕಡಾವಾರು ಸಣ್ಣದಾಗಿ ಕಂಡರೂ ಲಕ್ಷಗಟ್ಟಲೆ ಹೆರಿಗೆಗಳಿಗೆ ಗುಣಿಸಿದರೆ ಸಣ್ಣದಲ್ಲ.

ಇದಕ್ಕೆ ಎದುರು ವಾದವೂ ಸುಳ್ಳಲ್ಲ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಹೆರಿಗೆ ಹೊತ್ತಿಗೆ ರಕ್ತಸ್ರಾವ ಸ್ವಲ್ಪ ಹೆಚ್ಚಬಹುದು ಎಂಬ ಚಿಂತೆ ಇದೆ. ಇನ್ನೊಂದು, ‘ಎಲ್ಲರಿಗೂ’ ಎಂದು ಕೊಟ್ಟ ಮಾತ್ರೆಯನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ‘ನಿಮಗೆ ಅಪಾಯ ಇದೆ’ ಎಂದು ಹೇಳಿ ಕೊಟ್ಟರೆ ತಪ್ಪದೆ ನುಂಗುತ್ತಾರೆ. ಈ ಮಾತ್ರೆಯ ಫಲ ಸಿಗುವುದೇ ತಪ್ಪದೆ ತಗೊಂಡವರಿಗೆ. ಅದೂ 16 ವಾರದೊಳಗೆ ಶುರು ಮಾಡಿದವರಿಗೆ ಹೆಚ್ಚು. ನಾಳ ಅಗಲವಾಗುವ ಕೆಲಸ ಯಾವಾಗ ನಡೆಯುತ್ತದೆ ಎಂದು ಮೇಲೆ ನೋಡಿದೆವಲ್ಲ, ಕಾರಣ ಅದರಲ್ಲೇ ಇದೆ.

ಹಾಗೆಂದು ಯಾರೂ ತಾವಾಗಿಯೇ ಅಂಗಡಿಯಿಂದ ತಂದು ಶುರು ಮಾಡಬಾರದು. ಅಲ್ಸರ್, ಆಸ್ತಮಾ, ರಕ್ತಸ್ರಾವದ ಕಾಯಿಲೆ ಇದ್ದವರಿಗೆ ಅದು ಒಗ್ಗದಿರಬಹುದು.

‘ಈಗ ಇಲ್ಲ’ ಎಂಬ ಉತ್ತರದ ಬೆಲೆ

ಈಗ ಎರಡನೇ ಹೊತ್ತು. 30ನೇ ವಾರ. ಬಿಪಿ ಸ್ವಲ್ಪ ಏರಿದೆ, ತಲೆನೋವಿದೆ. ಇದು ಪ್ರಿಎಕ್ಲಾಂಪ್ಸಿಯಾವೇ, ಅಲ್ಲವೇ? ಹಿಂದೆಲ್ಲ ಆಸ್ಪತ್ರೆಗೆ ಸೇರಿಸಿ ಕಾಯುವುದೇ ದಾರಿ. ಈಗ ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್ ಎರಡನ್ನೂ ಅಳೆದು ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. 2016ರಲ್ಲಿ ಪ್ರಕಟವಾದ ಪ್ರೊಗ್ನೋಸಿಸ್ ಅಧ್ಯಯನದ ಪ್ರಕಾರ, ಆ ಅನುಪಾತ 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವುದಿಲ್ಲ ಎಂಬ ಮಾತು ನೂರಕ್ಕೆ 99ಕ್ಕೂ ಹೆಚ್ಚು ಸಲ ನಿಜ. 38 ದಾಟಿದ್ದರೆ? ಮುಂದಿನ ನಾಲ್ಕು ವಾರದಲ್ಲಿ ಕಾಯಿಲೆ ಬಂದದ್ದು ನೂರರಲ್ಲಿ ಸುಮಾರು 37 ಮಂದಿಗೆ ಮಾತ್ರ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಪರೀಕ್ಷೆಯ ನಿಜವಾದ ಶಕ್ತಿ ‘ಬರುತ್ತದೆ’ ಎನ್ನುವುದರಲ್ಲಿಲ್ಲ, ‘ಸದ್ಯಕ್ಕೆ ಬರುವುದಿಲ್ಲ’ ಎನ್ನುವುದರಲ್ಲಿದೆ. ಸುದ್ದಿಗಳು ಇದನ್ನು ಹೇಳುವುದೇ ಇಲ್ಲ. ಆದರೆ ವಾರ್ಡಿನಲ್ಲಿ ಇದರ ಬೆಲೆ ದೊಡ್ಡದು. ಒಬ್ಬ ತಾಯಿ ಧೈರ್ಯದಿಂದ ಮನೆಗೆ ಹೋಗಬಹುದು. ಆ ಹಾಸಿಗೆ ನಿಜವಾಗಿ ಬೇಕಾದವರಿಗೆ ಸಿಗುತ್ತದೆ. ಮುಖ್ಯವಾಗಿ, ಬರೀ ಅನುಮಾನದ ಮೇಲೆ 30 ವಾರದ ಮಗುವನ್ನು ಹೊರತೆಗೆಯುವುದು ತಪ್ಪುತ್ತದೆ.

2019ರ ಪ್ಯಾರಟ್ ಅಧ್ಯಯನದಲ್ಲಿ, ಪಿಎಲ್‌ಜಿಎಫ್ ಫಲಿತಾಂಶ ಡಾಕ್ಟರರ ಕೈಗೆ ಸಿಕ್ಕಾಗ ಕಾಯಿಲೆ ಖಚಿತಪಡಿಸಲು ತಗಲುವ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು. 2023ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಅನುಪಾತದ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದೂ ಎಲ್ಲ ಬಸುರಿಯರಿಗಲ್ಲ. ಬಿಪಿ ತೊಂದರೆಯಿಂದ ಆಸ್ಪತ್ರೆ ಸೇರಿರುವ, 23ರಿಂದ 35 ವಾರದೊಳಗಿನವರಿಗೆ, ಎರಡು ವಾರದಲ್ಲಿ ಕಾಯಿಲೆ ತೀವ್ರವಾಗುತ್ತದೆಯೇ ಎಂದು ತಿಳಿಯಲು ಮಾತ್ರ.

ಎರಡು ವಾರ ಮುಂಚೆ ಗೊತ್ತಾದರೆ ಏನು ಲಾಭ ಎಂದು ಕೇಳಬಹುದು. ಲಾಭ ಮಗುವಿನ ಉಸಿರಿನಲ್ಲಿದೆ. ದಿನ ತುಂಬದ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನ್ಯೂಜಿಲೆಂಡ್‌ನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿಕೊಟ್ಟ ಚಿಕಿತ್ಸೆ ಅದು. ಕೊಟ್ಟು ಒಂದು ದಿನ ಕಳೆದ ಮೇಲೆ, ಒಂದು ವಾರದೊಳಗೆ ಹೆರಿಗೆಯಾದರೆ ಅದರ ಫಲ ಹೆಚ್ಚು. ತುಂಬಾ ಮುಂಚೆ ಕೊಟ್ಟರೆ ವ್ಯರ್ಥ, ಕೊನೇ ಗಳಿಗೆಯಲ್ಲಿ ಕೊಟ್ಟರೆ ಸಾಲದು. ಸರಿಯಾದ ಊಹೆ ಇದ್ದರೆ ಇಂಜೆಕ್ಷನ್ ಸರಿಯಾದ ದಿನ ಬೀಳುತ್ತದೆ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೆ ತಾಯಿಯನ್ನು ಮುಂಚೆಯೇ ಸಾಗಿಸಬಹುದು. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಸಿದ್ಧವಾಗಿಟ್ಟುಕೊಳ್ಳಬಹುದು.

ತಾನಾಗಿ ಬರುವ ನೋವಿನ ಕಥೆ ಬೇರೆ

37 ವಾರ ತುಂಬುವ ಮುಂಚೆ ಹುಟ್ಟಿದರೆ ದಿನ ತುಂಬದ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಸುಮಾರು ಹತ್ತರಲ್ಲಿ ಒಬ್ಬರು. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಮೊದಲ ಕಾರಣ ಇದರ ತೊಡಕುಗಳೇ.

ಇವರಲ್ಲಿ ಹೆಚ್ಚಿನವರ ವಿಷಯದಲ್ಲಿ ಡಾಕ್ಟರು ಹೆರಿಗೆ ಮಾಡಿಸಿರುವುದಿಲ್ಲ. ತಾನಾಗಿ ನೋವು ಬಂದಿರುತ್ತದೆ, ಇಲ್ಲವೇ ನೀರು ಒಡೆದಿರುತ್ತದೆ. ಅದಕ್ಕೆ ಕಾರಣ ಹತ್ತಾರು. ಸೋಂಕು, ಗರ್ಭಕೋಶದ ಬಾಯಿ ಗಿಡ್ಡವಾಗುವುದು, ಅವಳಿ ಮಕ್ಕಳು, ಒಳಗಿನ ರಕ್ತಸ್ರಾವ. ರಕ್ತ ಸರಿಯಾಗಿ ಸಿಗದ ಮಾಸು ಇದರಲ್ಲಿ ಒಂದು ಕಾರಣ ಮಾತ್ರ. ಹಾಗಾಗಿ ಮಾಸಿನ ಪ್ರೋಟೀನ್ ಎಷ್ಟೇ ಚೆನ್ನಾಗಿ ಅಳೆದರೂ ಸೋಂಕಿನಿಂದ ಬರುವ ಹೆರಿಗೆ ಅದರಲ್ಲಿ ಕಾಣದಿರಬಹುದು. ‘ಮಾಸು ನೋಡಿ ದಿನ ತುಂಬದ ಹೆರಿಗೆ ಪತ್ತೆ’ ಎಂಬ ಸುದ್ದಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಥರದ್ದು?

ತಾನಾಗಿ ಬರುವ ಹೆರಿಗೆಗೆ ಇವತ್ತಿಗೆ ಹೆಚ್ಚು ಉಪಯೋಗಕ್ಕೆ ಬಂದಿರುವ ಅಳತೆ ಒಂದು ಸಾದಾ ಸ್ಕ್ಯಾನ್. ಮಧ್ಯದ ತಿಂಗಳುಗಳಲ್ಲಿ ಗರ್ಭಕೋಶದ ಬಾಯಿ 25 ಮಿಲಿಮೀಟರಿಗಿಂತ ಗಿಡ್ಡವಿದ್ದರೆ ಅಪಾಯ ಹೆಚ್ಚು. ಅಂಥವರಿಗೆ ಯೋನಿಯ ಮೂಲಕ ಕೊಡುವ ಪ್ರೊಜೆಸ್ಟರಾನ್‌ನಿಂದ ಅನುಕೂಲವಿದೆ.

ಇಲ್ಲಿ ಒಂದು ಕಹಿ ಪಾಠವೂ ಇದೆ. ಹಿಂದೆ ದಿನ ತುಂಬದೆ ಹೆತ್ತವರಿಗೆ ವಾರಕ್ಕೊಮ್ಮೆ ಕೊಡುವ ಒಂದು ಹಾರ್ಮೋನ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2011ರಲ್ಲಿ ಅವಸರದ ಒಪ್ಪಿಗೆ ಸಿಕ್ಕಿತು. ನಂತರದ ದೊಡ್ಡ ಅಧ್ಯಯನದಲ್ಲಿ ಅದು ಕೆಲಸ ಮಾಡಲಿಲ್ಲ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ವಾಪಸಾಯಿತು. ಹನ್ನೆರಡು ವರ್ಷ ತಾಯಂದಿರು ಅದನ್ನು ನಂಬಿ ಚುಚ್ಚಿಸಿಕೊಂಡಿದ್ದರು. ಅಪಾಯ ಇರುವವರನ್ನು ಗುರುತಿಸುವುದು ಒಂದು ಕೆಲಸ. ಅವರಿಗೆ ಕೊಡಲು ಕೈಯಲ್ಲಿ ಏನಾದರೂ ಇರುವುದು ಇನ್ನೊಂದು ಕೆಲಸ. ಮೊದಲನೆಯದು ಮುಂದೆ ಓಡಿ ಎರಡನೆಯದು ಹಿಂದೆ ಉಳಿದರೆ ತಾಯಿಗೆ ಸಿಗುವುದು ಭಯ ಮಾತ್ರ.

ಆರ್‌ಎನ್‌ಎ, ಎಂಆರ್‌ಐ, ಡಾಪ್ಲರ್

ಮಾಸಿನ ಜೀವಕೋಶಗಳು ಒಡೆದಾಗ ಅವುಗಳ ಆರ್‌ಎನ್‌ಎ ತುಣುಕುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ. ಮಾಸಿನಲ್ಲಿ ಇವತ್ತು ಯಾವ ಕೆಲಸ ನಡೆಯುತ್ತಿದೆ ಎಂದು ಅವು ಹೇಳಬಲ್ಲವು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಕ್ವೇಕ್ ಅವರ ತಂಡ ಇದರಿಂದ ಹೆರಿಗೆಯ ದಿನವನ್ನೂ ದಿನ ತುಂಬದ ಹೆರಿಗೆಯನ್ನೂ ಅಂದಾಜಿಸಬಹುದು ಎಂದು ತೋರಿಸಿತು. ಅದು ತೀರಾ ಸಣ್ಣ ಅಧ್ಯಯನ. 2022ರಲ್ಲಿ 1,840 ಬಸುರಿಯರ ಮಾದರಿಗಳನ್ನು ನೋಡಿದ ಇನ್ನೊಂದು ಅಧ್ಯಯನ, ಪ್ರಿಎಕ್ಲಾಂಪ್ಸಿಯಾ ಬರಲಿರುವ ನೂರರಲ್ಲಿ 75 ಮಂದಿಯನ್ನು ಲಕ್ಷಣಗಳಿಗೆ ಮುಂಚೆಯೇ ಗುರುತಿಸಿತು. ಆದರೆ ಅಪಾಯ ಎಂದು ಗುರುತಿಸಿದವರಲ್ಲಿ ನಿಜವಾಗಿ ಕಾಯಿಲೆ ಬಂದದ್ದು ಮೂವರಲ್ಲಿ ಒಬ್ಬರಿಗೆ. ಮೇಲೆ ನೋಡಿದ ತಲೆ ಎಣಿಕೆ ಇಲ್ಲಿಯೂ ಹಾಗೇ ಅನ್ವಯಿಸುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2014ರಲ್ಲಿ ಮಾಸಿಗೆಂದೇ ಒಂದು ದೊಡ್ಡ ಯೋಜನೆ ಶುರು ಮಾಡಿತು. ಮಗು ಹೊಟ್ಟೆಯಲ್ಲಿರುವಾಗಲೇ ಮಾಸು ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವುದು ಅದರ ಗುರಿ. ಎಂಆರ್‌ಐಯಲ್ಲಿ ಮಾಸಿನೊಳಗೆ ಆಮ್ಲಜನಕ ಎಷ್ಟಿದೆ ಎಂದು ಅಂದಾಜಿಸುವ ಪ್ರಯತ್ನಗಳು ನಡೆದಿವೆ. ಅವು ಸಂಶೋಧನೆಯ ಕೋಣೆಯಿಂದ ಹೊರಬಂದು ಎಲ್ಲರಿಗೂ ಸಿಗಲು ಸಮಯ ಬೇಕು.

ಇದರ ನಡುವೆ ಹೊಸದಲ್ಲದ, ಸದ್ದಿಲ್ಲದ ಒಂದು ಪರೀಕ್ಷೆಯನ್ನು ಮರೆಯಬಾರದು. ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್. ಮಗುವಿನ ಎರಡು ಹೃದಯ ಬಡಿತಗಳ ನಡುವೆಯೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಆ ಹರಿವು ನಿಂತರೆ, ಅದಕ್ಕಿಂತ ಕೆಟ್ಟದಾಗಿ ಹಿಮ್ಮುಖವಾದರೆ, ಮಾಸು ಸೋಲುತ್ತಿದೆ ಎಂದರ್ಥ. ಹೆಚ್ಚು ಅಪಾಯದ ಬಸುರುಗಳಲ್ಲಿ ಇದನ್ನು ಬಳಸಿದಾಗ ಮಕ್ಕಳ ಸಾವು ಸುಮಾರು ನೂರಕ್ಕೆ 29ರಷ್ಟು ಇಳಿದಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಹೇಳುತ್ತದೆ.

ವರದಿಯಲ್ಲಿ ಕಾಣುವ ಪದಗಳು

ಸ್ಕ್ಯಾನ್ ವರದಿಯಲ್ಲಿ ‘ಪ್ಲಸೆಂಟಾ ಆಂಟೀರಿಯರ್’ ಎಂದಿದ್ದರೆ ಮಾಸು ಮುಂಭಾಗದ ಗೋಡೆಗೆ ಅಂಟಿದೆ ಎಂದಷ್ಟೇ. ಅದು ಕಾಯಿಲೆಯಲ್ಲ. ‘ಲೋ ಲೈಯಿಂಗ್’ ಎಂದಿದ್ದರೆ ಕೆಳಗಿದೆ ಎಂದರ್ಥ. 20ನೇ ವಾರದಲ್ಲಿ ಹಾಗಿದ್ದ ಬಹುಪಾಲು ಮಾಸುಗಳು ಗರ್ಭಕೋಶ ಬೆಳೆದಂತೆ ಮೇಲಕ್ಕೆ ಸರಿಯುತ್ತವೆ. ಮತ್ತೊಂದು ಸ್ಕ್ಯಾನ್ ಬೇಕು, ಅಷ್ಟೇ. ‘ಗ್ರೇಡ್ 3’ ಎಂದರೆ ಸುಣ್ಣದಂಶ ಕೂತಿದೆ ಎಂದು. ದಿನ ತುಂಬುವ ಹೊತ್ತಿಗೆ ಅದು ಸಹಜ. ಇವು ಮೂರೂ ಮಾಸಿನ ಜಾಗ ಮತ್ತು ರೂಪದ ಮಾತು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವುದು ಹರಿವಿನ ಅಳತೆ ಮತ್ತು ಮಗುವಿನ ಬೆಳವಣಿಗೆ.

ಯಾವ ಪರೀಕ್ಷೆಯಲ್ಲಿ ‘ಕಡಿಮೆ ಅಪಾಯ’ ಎಂದು ಬಂದಿದ್ದರೂ, ತೀವ್ರ ತಲೆನೋವು, ಕಣ್ಣೆದುರು ಮಿಂಚು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ದಿಢೀರ್ ಊದಿಕೊಳ್ಳುವುದು, ರಕ್ತ ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. 1,000ದ ಲೆಕ್ಕದಲ್ಲಿ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಂಡ ಆ 2 ಮಂದಿಯನ್ನು ನೆನಪಿಡಿ.

ಮುಂದೇನಾಗಬಹುದು?

ಪರೀಕ್ಷೆಗಳು ಅಗ್ಗವಾಗುತ್ತವೆ, ಹೆಚ್ಚು ಕಡೆ ಸಿಗುತ್ತವೆ. ಅದರ ಪರಿಣಾಮ ಎರಡು ದಿಕ್ಕಿನಲ್ಲಿ ಹೋಗಬಹುದು. ಫಲಿತಾಂಶದ ಜೊತೆ ಆಸ್ಪಿರಿನ್, ಬಿಪಿ ತಪಾಸಣೆ, ಡಾಪ್ಲರ್, ಸರಿಯಾದ ಆಸ್ಪತ್ರೆ ಎಲ್ಲವೂ ಸಿಕ್ಕರೆ ಜೀವಗಳು ಉಳಿಯುತ್ತವೆ. ಬರೀ ವರದಿ ಸಿಕ್ಕಿ ಮುಂದಿನ ದಾರಿ ಸಿಗದಿದ್ದರೆ ಭಯದಿಂದ ಮಾಡುವ ಸಿಸೇರಿಯನ್‌ಗಳು, ಬೇಡದ ಸ್ಟೆರಾಯ್ಡ್‌ಗಳು ಜಾಸ್ತಿಯಾಗುತ್ತವೆ. ದಿನ ತುಂಬದ ಹೆರಿಗೆ ತಡೆಯಲು ಬಂದ ಪರೀಕ್ಷೆಯೇ ಅದನ್ನು ಹೆಚ್ಚಿಸಿಬಿಡಬಹುದು.

ಇನ್ನೊಂದು ತೊಡಕು ಅಳತೆಗೋಲಿನದು. ಪಿಎಲ್‌ಜಿಎಫ್ ಮಟ್ಟ ತಾಯಿಯ ತೂಕ, ಜನಾಂಗ, ಬಸುರಿನ ವಾರಕ್ಕೆ ತಕ್ಕಂತೆ ಬದಲಾಗುತ್ತದೆ. ಹೆಚ್ಚಿನ ಅಧ್ಯಯನಗಳು ಯುರೋಪು ಮತ್ತು ಅಮೆರಿಕದವು. ಅಲ್ಲಿನ ಗಡಿರೇಖೆಯನ್ನು ಬೇರೆ ಜನರಿಗೆ ಹಾಗೇ ಹಚ್ಚಿದರೆ ಎಚ್ಚರಿಕೆ ತಪ್ಪಾದವರಿಗೆ ಹೋಗುತ್ತದೆ. ಆಯಾ ಜನರ ಮೇಲೆಯೇ ಅಳೆದು ಸರಿಪಡಿಸಿಕೊಳ್ಳುವ ಕೆಲಸ ಆಗಲೇಬೇಕು.

ಇದು ಹೆರಿಗೆಗೇ ಮುಗಿಯುವ ವಿಷಯವೂ ಅಲ್ಲ. ಪ್ರಿಎಕ್ಲಾಂಪ್ಸಿಯಾ ಬಂದ ಮಹಿಳೆಯರಿಗೆ ಮುಂದೆ ಹೃದಯ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಮಗು ಹುಟ್ಟಿದ ಮೇಲೆ ಎಲ್ಲರ ಕಣ್ಣೂ ತೊಟ್ಟಿಲ ಕಡೆ. ತಾಯಿಯ ಬಿಪಿ ಯಾರೂ ನೋಡುವುದಿಲ್ಲ. ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಟ್ರೇಯಲ್ಲಿ ಬಿದ್ದಿರುವ ವರದಿ

ಹೆರಿಗೆಯಾಗಿ ಕೆಲವು ನಿಮಿಷಕ್ಕೆ ಮಾಸು ಹೊರಗೆ ಬರುತ್ತದೆ. ಟ್ರೇಯಲ್ಲಿ ಹರವಿದರೆ ಎರಡು ಮುಖ ಕಾಣುತ್ತವೆ. ತಾಯಿಯ ಕಡೆಯದು ಕಡುಕೆಂಪು, ಒರಟು, ಹದಿನೈದು ಇಪ್ಪತ್ತು ದಿಮ್ಮೆಗಳಾಗಿ ಒಡೆದಂತೆ. ಮಗುವಿನ ಕಡೆಯದು ನುಣುಪು, ಹೊಳಪು. ಹೊಕ್ಕುಳಬಳ್ಳಿಯಿಂದ ರಕ್ತನಾಳಗಳು ಮರದ ಕೊಂಬೆಯಂತೆ ಹರಡಿರುತ್ತವೆ. ನರ್ಸ್ ಅದನ್ನು ತಿರುಗಿಸಿ, ತುಂಡೇನಾದರೂ ಒಳಗೆ ಉಳಿದಿದೆಯೇ ಎಂದು ನೋಡುತ್ತಾರೆ. ನಂತರ ಅದು ಕಸಕ್ಕೆ ಹೋಗುತ್ತದೆ.

ಮಗು ದಿನ ತುಂಬದೆ ಹುಟ್ಟಿದ್ದರೆ, ತೀರಾ ಸಣ್ಣದಿದ್ದರೆ, ತೀರಿಕೊಂಡಿದ್ದರೆ, ತಾಯಿಗೆ ಬಿಪಿ ಏರಿದ್ದರೆ ಆ ಮಾಸನ್ನು ಎಸೆಯದೆ ಲ್ಯಾಬಿಗೆ ಕಳಿಸಬೇಕು. ಸತ್ತ ತುಂಡುಗಳಿವೆಯೇ, ಸೋಂಕಿತ್ತೇ, ಎಳೆಗಳು ಬಲಿತಿದ್ದವೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇದನ್ನೆಲ್ಲ ಒಂದೇ ರೀತಿ ಹೆಸರಿಟ್ಟು ಬರೆಯಲು 2014ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಒಂದು ಒಮ್ಮತಕ್ಕೆ ಬಂದರು, 2016ರಲ್ಲಿ ಅದು ಪ್ರಕಟವಾಯಿತು. ಮಾಸಿನ ಕೆಲವು ಕಾಯಿಲೆಗಳು ಮುಂದಿನ ಬಸುರಿನಲ್ಲೂ ಮರುಕಳಿಸುತ್ತವೆ. ಮಗು ಕಳೆದುಕೊಂಡ ತಾಯಿಯೊಬ್ಬಳು ‘ನಾನೇನು ತಪ್ಪು ಮಾಡಿದೆ’ ಎಂದು ತನ್ನನ್ನೇ ಬೈದುಕೊಳ್ಳುವಾಗ, ಹನ್ನೆರಡನೇ ವಾರದಲ್ಲಿ ಅಗಲವಾಗದ ನಾಳದ ಕಥೆ ಹೇಳಬಲ್ಲದ್ದು ಲ್ಯಾಬಿನ ಆ ವರದಿಯ ಹಾಳೆಯೊಂದೇ.

ಮತ್ತೆ ಬಸುರಾದಾಗ ಆ ಹಾಳೆಯನ್ನು ಮೊದಲ ಭೇಟಿಯಲ್ಲೇ ಡಾಕ್ಟರ ಮೇಜಿನ ಮೇಲಿಡಬೇಕು. ಎಂಟನೇ ವಾರವೋ ಹತ್ತನೇ ವಾರವೋ, ಆಸ್ಪಿರಿನ್ ಬೇಕೇ ಎಂದು ಕೂತು ಮಾತಾಡಲು ಆಗ ಇನ್ನೂ ಸಮಯವಿರುತ್ತದೆ.